ತಿಮ್ಮಪ್ಪ ನಾಯ್ಕರ ಹದಿನೆಂಟು ಗಿಯರಿನ ಹರಕೆ

ಕುಮಟೆಯಿಂದ ಭಟ್ಕಳಕ್ಕೆ ಅರ್ಧ ಗಂಟೆಗೊಂದು ಬಸ್ಸಿದೆ. ಬಸ್ಸು ತಪ್ಪಿದರೆ ಟೆಂಪೊ ಇದೆ. ಟೆಂಪೊದಲ್ಲಿ ಜಾಗ ಇಲ್ಲದಿದ್ದರೆ, ಕೈ ಅಡ್ಡ ಹಿಡಿದವರಿಗೆ ಮೀನಿನ ಲಾರಿಯವನೂ ನಿಲ್ಲಿಸುತ್ತಾನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ತಿಮ್ಮಪ್ಪ ನಾಯ್ಕರಿಗೆ ಒದಗಿದ ಗ್ರಹಚಾರದ ಮೂಲ ಅಲ್ಲೇ ಇದೆ. ಬಸ್ಸಿಗೆ ದುಡ್ಡಿರುವ ಮನುಷ್ಯ ಮೇ ತಿಂಗಳಲ್ಲಿ ಅರವತ್ತು ಕಿಲೋಮೀಟರು ಸೈಕಲ್ ತುಳಿಯುತ್ತಾನೆಂದರೆ ನಮ್ಮ ಕಡೆಯ ಜನ ಎರಡೇ ಕಾರಣ ಒಪ್ಪುತ್ತಾರೆ. ಒಂದು, ತಲೆ ಕೆಟ್ಟಿರಬೇಕು. ಇಲ್ಲವೇ ಹರಕೆ ಇರಬೇಕು. ಮನಸ್ಸಿನ ಖುಷಿಗೆ ತುಳಿಯುತ್ತೇನೆ ಎಂಬ ಮೂರನೆಯ ಕಾರಣ ಗೋಕರ್ಣಕ್ಕೆ ಬರುವ ಬಿಳಿಯರಿಗೆ ಮಾತ್ರ ಮಂಜೂರಾಗಿದೆ.

ಆ ಬಿಳಿಯರಲ್ಲೊಬ್ಬ ಜಾಕೋಬ. ಬೊಂಬಾಯಿಯಿಂದ ಸೈಕಲ್ಲಿನ ಮೇಲೆ ಹೊರಟು ಗೋಕರ್ಣಕ್ಕೆ ಬಂದು, ಅಲ್ಲಿ ಹೊಟ್ಟೆ ಕೆಡಿಸಿಕೊಂಡು, ಲಾಡ್ಜಿನ ಜಗಲಿಯಲ್ಲಿ ಎರಡು ದಿನದಿಂದ ಕೂತಿದ್ದ. ಅದು ೨೦೦೩ನೇ ಇಸವಿಯ ಏಪ್ರಿಲ್ ಕೊನೆ. ಕುಮಟೆಯ ಒಂದು ಹೈಸ್ಕೂಲಿನ ಗುಮಾಸ್ತರಾದ ತಿಮ್ಮಪ್ಪ ನಾಯ್ಕರು ಅದೇ ಹೊತ್ತಿಗೆ ಯಾವುದೋ ಕೆಲಸಕ್ಕೆಂದು ಗೋಕರ್ಣಕ್ಕೆ ಹೋಗಿದ್ದರು. ನಲವತ್ತೇಳು ವರ್ಷ ವಯಸ್ಸು, ಹೊಟ್ಟೆ ಸ್ವಲ್ಪ ಮುಂದೆ, ಬುದ್ಧಿ ಸ್ವಲ್ಪ ಹಿಂದೆ. ಹದಿನೆಂಟು ಗಿಯರಿನ ಆ ಸೈಕಲ್ಲನ್ನು ಕಂಡದ್ದೇ ಅವರ ಮನಸ್ಸು ಜಾರಿತು. ಹೊಟ್ಟೆ ಕೆಟ್ಟವನಿಗೆ ಸೈಕಲ್ಲು ಬೇಡವಾಗಿತ್ತು, ಕೂತರೆ ತಾನೇ ಓಡುವ ಗಾಡಿ ಬೇಕಾಗಿತ್ತು. ತಿಮ್ಮಪ್ಪ ನಾಯ್ಕರು ಹೋಗಿದ್ದು ಹೆಂಡತಿ ಮಾಲಿನಿಯ ಲೂನಾ ಮೊಪೆಡ್ಡಿನ ಮೇಲೆ. ಅರ್ಧ ಗಂಟೆಯಲ್ಲಿ ವ್ಯಾಪಾರ ಕುದುರಿತು. ಜಾಕೋಬ ಲೂನಾ ಹತ್ತಿ ಗೋವೆಯ ದಿಕ್ಕಿಗೆ ಹೋದ. ತಿಮ್ಮಪ್ಪ ನಾಯ್ಕರು ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಮನೆಗೆ ಬಂದರು.

ಆ ಲೂನಾ ಮಾಲಿನಿಗೆ ಭಟ್ಕಳದ ಅಣ್ಣ ಸಂಜಯ ಕೊಡಿಸಿದ್ದು. ಅದರ ಮೇಲೆಯೇ ಅವಳು ದಿನಾ ಮಿರ್ಜಾನಿಗೆ ಹೋಗಿ ಹೊಲಿಗೆ ಕ್ಲಾಸು ನಡೆಸುತ್ತಿದ್ದದ್ದು. ಮಾಲಿನಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಮಾತಾಡಿದಳು, ಆ ಮೊದಲಿನ ಎರಡು ದಿನವೇ ಸುಖವಾಗಿತ್ತೆಂದು ತಿಮ್ಮಪ್ಪ ನಾಯ್ಕರಿಗೆ ಅನ್ನಿಸಿತು.

"ಇದ್ರ ಮೇಲೆ ಎಲ್ಲಿಗ್ ಹೋಗುರು ನೀವು?"

"ಟೂರು," ಅಂದರು ತಿಮ್ಮಪ್ಪ ನಾಯ್ಕರು. "ಬೇಕಾದ್ರೆ ಭಟ್ಕಳದ ತನಕ ತುಳೀತೆ. ಎಂತ ದೊಡ್ಡದು ಅದು. ಜಾಕೋಬ ಬೊಂಬಾಯಿಂದ ಬಂದವ."

"ಜಾಕೋಬ ಬಂದದ್ದು ಸೈಕಲ್ಲಿನ ಮೇಲೆ. ಹೋದದ್ದು ನನ್ನ ಲೂನಾದ ಮೇಲೆ," ಅಂದಳು ಮಾಲಿನಿ. "ಆತು. ಬರೂ ಶನಿವಾರ ನಾ ಅಣ್ಣನ ಮನೆಗೆ ಹೋಗ್ತೆ. ಆದಿತ್ಯವಾರ ನೀವು ಈ ವಿಮಾನ ತುಳ್ಕಂಡೇ ಅಲ್ಲಿಗೆ ಬರ್ಬೇಕು. ಬಸ್ಸು ಇಲ್ಲ, ಟೆಂಪೊ ಇಲ್ಲ. ದೇವ್ರಿಗೆ ದೀಪ ಹಚ್ಚೂದ್ರೊಳಗೆ ಬಂದ್ರೆ ಸೈಕಲ್ಲು ಮನೇಲಿರ್ತದೆ, ನಾ ಒಂದ್ ಮಾತು ಆಡುಲ್ಲ. ಬರ್ದೆ ಹೋದ್ರೆ ಅಣ್ಣನ ಟೆಂಪೊದಲ್ಲಿ ಹೇರಿ ಗುಜರಿಗೆ."

ತಿಮ್ಮಪ್ಪ ನಾಯ್ಕರು ತಯಾರಿಗೆ ಬಿದ್ದರು. ಜಾಕೋಬನಿಗೆ ಗಡ್ಡವಿತ್ತೆಂದು ಇವರೂ ಒಂದು ವಾರ ಕ್ಷೌರ ಮಾಡಲಿಲ್ಲ. ಜಾಕೋಬ ತಲೆಗೆ ಕೆಂಪು ಬಟ್ಟೆ ಕಟ್ಟುತ್ತಿದ್ದನೆಂದು ಮಾಲಿನಿಯ ಹೊಲಿಗೆ ಚೀಲದಿಂದ ಒಂದು ಕೆಂಪು ತುಂಡು ಎತ್ತಿ ಇಟ್ಟುಕೊಂಡರು. ಜಾಕೋಬನ ಬಿಗಿ ಚಡ್ಡಿ ಮಾತ್ರ ಕುಮಟೆಯ ಪೇಟೆಯಲ್ಲಿ ಹಾಕುವಂಥದ್ದಲ್ಲವೆಂದು, ಅದರ ಬದಲು ಬಿಳಿ ಪಂಚೆ ಎತ್ತಿ ಕಟ್ಟಿದರು. ಆದಿತ್ಯವಾರ ಬೆಳಿಗ್ಗೆ ಆರೂವರೆಗೆ ಹೊರಟಾಗಲೇ ಅಂಗಿ ಬೆನ್ನಿಗೆ ಅಂಟಿತ್ತು. ಎಲೆ ಅಲುಗುವಷ್ಟು ಗಾಳಿ ಇರಲಿಲ್ಲ. ಬೆವರು ಮೈಯಿಂದ ಹೊರಗೆ ಬಂದು, ಮುಂದೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿರುತ್ತಿತ್ತು.

ಹಂದಿಗೋಣ ದಾಟುವುದರೊಳಗೆ ಎರಡು ಸಂಗತಿ ನಡೆದವು. ಪೆಡಲಿನ ಮೇಲೆ ಪಾದ ಸಿಕ್ಕಿಸುವ ಪಟ್ಟಿಗೂ ಹವಾಯಿ ಚಪ್ಪಲಿಗೂ ಆಗಿಬರದೆ, ಎಡಗಾಲಿನ ಚಪ್ಪಲಿ ಹಾರಿ ಲಾರಿಯ ಅಡಿಗೆ ಹೋಯಿತು. ಒಂದು ಚಪ್ಪಲಿಯವನೆಂದು ಅನ್ನಿಸಿಕೊಳ್ಳುವುದಕ್ಕಿಂತ ಬರಿಗಾಲೇ ಮೇಲೆಂದು ಇನ್ನೊಂದನ್ನು ಬೇಲಿಗೆ ಸಿಕ್ಕಿಸಿ ಮುಂದುವರಿದರು. ಆಮೇಲೆ ಗಿಯರು. ಹದಿನೆಂಟರಲ್ಲಿ ಯಾವುದು ಯಾತಕ್ಕೆಂದು ಜಾಕೋಬ ಹೇಳಿಕೊಟ್ಟಿದ್ದು ಜರ್ಮನ್ ಭಾಷೆಯಲ್ಲಿ. ಇವರು ಏನನ್ನೋ ಎಳೆದರು, ಅದು ಎಲ್ಲೋ ಹೋಗಿ ಕಚ್ಚಿಕೊಂಡಿತು. ಅಲ್ಲಿಂದ ಮುಂದೆ ಕಾಲು ಹೊಲಿಗೆ ಮಿಶಿನ್ನಿನ ಹಾಗೆ ತಿರುಗುತ್ತಿತ್ತು, ಸೈಕಲ್ಲು ಎಮ್ಮೆಯ ಹಾಗೆ ಹೋಗುತ್ತಿತ್ತು.

ಹಾದಿಯಲ್ಲಿ ಸಿಕ್ಕಿದವರು ಸುಮ್ಮನೆ ಬಿಡಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ಒಬ್ಬ, "ಎಂತದು ನಾಯ್ಕರೆ, ಮನೇಲಿ ಜಗಳ ಆತಾ?" ಅಂದ. ಇನ್ನೊಬ್ಬ, "ಬಸ್ ಸ್ಟ್ರೈಕ್ ಹೇಳಿ ಯಾರೂ ಹೇಳ್ಲೇ ಇಲ್ಲ," ಎಂದು ಗಾಬರಿಗೊಂಡ. ಟೂರು ಎಂದು ಇವರು ವಿವರಿಸಿದಾಗ ಇಬ್ಬರೂ ಕಾಯಿಲೆಯವರನ್ನು ನೋಡುವ ಹಾಗೆ ನೋಡಿದರು. ಹಳದೀಪುರಕ್ಕೆ ಬರುವಷ್ಟರಲ್ಲಿ ತಿಮ್ಮಪ್ಪ ನಾಯ್ಕರಿಗೆ ಬಿಸಿಲಿಗಿಂತ ನಗೆಯ ಭಯ ಜಾಸ್ತಿಯಾಗಿತ್ತು.

ಹಳದೀಪುರದಲ್ಲಿ ರಸ್ತೆಗೆ ತಾಗಿ ದುರ್ಗಮ್ಮನ ಗೂಡಂಗಡಿ. ಬೆಂಚಿನ ಮೇಲೆ ನಾಲ್ಕು ಜನ ಗಂಡಸರು ಕಾಲು ಮಡಚಿ ಕೂತು ಚಾ ಕುಡಿಯುತ್ತಿದ್ದರು. ತಿಮ್ಮಪ್ಪ ನಾಯ್ಕರು ಸೈಕಲ್ಲಿನಿಂದ ಇಳಿದರು ಎನ್ನುವುದಕ್ಕಿಂತ ಸೈಕಲ್ಲು ಅವರನ್ನು ಇಳಿಸಿತು ಎನ್ನಬೇಕು.

"ನೀರು," ಅಂದರು.

ದುರ್ಗಮ್ಮ ನೀರು ಕೊಡುವ ಮೊದಲು ಅವರನ್ನು ಮೇಲಿಂದ ಕೆಳಗೆ ನೋಡಿದಳು. ಗಡ್ಡ. ತಲೆಗೆ ಕೆಂಪು ಬಟ್ಟೆ. ಬಿಳಿ ಪಂಚೆ. ಬರಿಗಾಲು. ಎಷ್ಟು ಜನ ಭಕ್ತರನ್ನು ಆ ಹಾದಿಯಲ್ಲಿ ಕಂಡವಳು ಅವಳು.

"ಇಡಗುಂಜಿಗಾ?" ಎಂದು ಕೇಳಿದಳು.

ಇಡಗುಂಜಿ ಗಣಪತಿ ಭಟ್ಕಳದ ಹಾದಿಯಲ್ಲೇ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಅಲ್ಲ, ಟೂರಿಗೆ ಎಂದು ಹೇಳಲು ತಿಮ್ಮಪ್ಪ ನಾಯ್ಕರು ಬಾಯಿ ತೆರೆದರು. ಬೆಂಚಿನ ಮೇಲಿನ ನಾಲ್ಕು ಬಾಯಿಗಳು ನಗಲು ಅಣಿಯಾಗಿದ್ದವು. ತೆರೆದ ಬಾಯಿಂದ, "ಹೂಂ," ಎಂದು ಹೊರಟಿತು.

ನಾಲ್ಕೂ ಜನ ಬೆಂಚಿನಿಂದ ಕಾಲು ಕೆಳಗಿಳಿಸಿದರು. ಒಬ್ಬ ಎದ್ದು ಜಾಗ ಬಿಟ್ಟ, ಇನ್ನೊಬ್ಬ ಬೀಡಿ ಆರಿಸಿದ. ನೀರಿನ ಬದಲು ಹಸಿಮೆಣಸು, ಶುಂಠಿ ಜಜ್ಜಿ ಹಾಕಿದ ಮಜ್ಜಿಗೆ ಬಂತು. ತಿಮ್ಮಪ್ಪ ನಾಯ್ಕರು ನಲವತ್ತೇಳು ವರ್ಷದಲ್ಲಿ ಕಾಣದ ಮರ್ಯಾದೆಯನ್ನು ಹಳದೀಪುರದಲ್ಲಿ ಕಂಡರು.

"ಮೇ ತಿಂಗ್ಳಾಗೆ, ಅದೂ ಸೈಕಲ್ ಹರಕೆ. ಬಾಳ ಕಠಿಣ," ಅಂದಳು ದುರ್ಗಮ್ಮ. "ಯಾರಿಗೆ ಸೌಖ್ಯ ಇಲ್ಲ? ಮನೆಯವ್ರಿಗಾ?"

ಮಜ್ಜಿಗೆಯ ಮೆಣಸು ಆಗಲೇ ನೆತ್ತಿಗೇರಿತ್ತು. ತಿಮ್ಮಪ್ಪ ನಾಯ್ಕರಿಗೆ ಮಾತು ಹೊರಡಲಿಲ್ಲ, ಕಣ್ಣಿನಿಂದ ನೀರು ಮಾತ್ರ ಹೊರಟಿತು. ಅವರು ಕೆಮ್ಮುತ್ತ ಕೈ ಅಲ್ಲಾಡಿಸಿದರು.

"ಬ್ಯಾಡ, ಹೇಳುದು ಬ್ಯಾಡ. ಹರಕೆ ಬಾಯಿಬಿಟ್ಟು ಹೇಳೂದಲ್ಲ," ಎಂದು ದುರ್ಗಮ್ಮ ಸೆರಗಿನಿಂದ ತನ್ನ ಕಣ್ಣೂ ಒರೆಸಿಕೊಂಡಳು. ಒಳಗೆ ಹೋಗಿ ಒಂದು ತೆಂಗಿನಕಾಯಿ ತಂದಳು. "ಹೆಂಗೂ ಹೋಗ್ತ್ರಿ. ನಮ್ದೂ ಒಂದು ಕಾಯಿ. ನಮ್ಮ ಎಮ್ಮೆ ಹಾಲಿಗೆ ನಿಲ್ಲುಲ್ಲ. ಗಣಪ್ಪನ ಹತ್ರ ಹೇಳಿ."

ಇಲ್ಲೊಂದು ನೇಮ ಹೇಳಬೇಕು. ದೇವರಿಗೆ ಹೊರಟವನ ಕೈಯಲ್ಲಿ ಊರಿನವರು ತಮ್ಮದೂ ಒಂದು ಕಾಯಿ ಕಳಿಸುತ್ತಾರೆ. ಅದನ್ನು ಬೇಡ ಎನ್ನುವಂತಿಲ್ಲ. ಬೇಡ ಎಂದರೆ ಕಾಯಿಗೆ ಬೇಡ ಎಂದಂತಲ್ಲ, ದೇವರಿಗೆ ಬೇಡ ಎಂದಂತೆ. ತಿಮ್ಮಪ್ಪ ನಾಯ್ಕರು ಕಾಯಿ ತೆಗೆದುಕೊಂಡರು. ಬೆಂಚಿನ ನಾಲ್ವರೂ ಎದ್ದು ಹೋದವರು ನಾಲ್ಕು ಕಾಯಿ ತಂದರು. ಒಬ್ಬನಿಗೆ ಮೂಲವ್ಯಾಧಿ, ಒಬ್ಬನಿಗೆ ಬಾವಿಯಲ್ಲಿ ಉಪ್ಪುನೀರು, ಉಳಿದಿಬ್ಬರು ಅಣ್ಣತಮ್ಮ, ಒಬ್ಬರ ಮೇಲೊಬ್ಬರು ಹೂಡಿದ ದಾವೆಯಲ್ಲಿ ಇಬ್ಬರಿಗೂ ಗೆಲುವಾಗಬೇಕು. ದುರ್ಗಮ್ಮ ಗೋಣಿಚೀಲ ಕೊಟ್ಟಳು.

ಐದು ಕಾಯಿ ಏನು ಮಹಾ ಎಂದುಕೊಂಡೇ ತಿಮ್ಮಪ್ಪ ನಾಯ್ಕರು ಹೊರಟರು. ಅವರು ಹೊರಟ ಎರಡು ನಿಮಿಷಕ್ಕೆ ಭಟ್ಕಳದ ಬಸ್ಸು ಬಂದು ದುರ್ಗಮ್ಮನ ಅಂಗಡಿಯೆದುರು ನಿಂತಿತು. ಕಂಡಕ್ಟರನಿಗೆ ಅಲ್ಲಿ ಚಾ ಕುಡಿಯುವ ರೂಢಿ. ಚಾದ ಜೊತೆಗೆ ಸುದ್ದಿಯನ್ನೂ ಕುಡಿದು ಅವನು ರೈಟ್ ಅಂದ. ಸೈಕಲ್ಲು ತಾಸಿಗೆ ಎಂಟು ಕಿಲೋಮೀಟರಿನಂತೆ ಹೋಗುತ್ತಿದ್ದರೆ ಸುದ್ದಿ ನಲವತ್ತರಂತೆ ಹೋಗುತ್ತಿತ್ತು, ಅದೂ ಪ್ರತಿ ಸ್ಟಾಪಿನಲ್ಲಿ ಇಳಿದು ಹತ್ತುತ್ತ.

ಕರ್ಕಿಗೆ ಬರುವಷ್ಟರಲ್ಲಿ ರಸ್ತೆಯ ಎರಡೂ ಬದಿಗೆ ಜನ ಕಾಯುತ್ತ ನಿಂತಿದ್ದರು, ಪ್ರತಿಯೊಬ್ಬರ ಕೈಯಲ್ಲೂ ಕಾಯಿ. ಮೀನಿನ ಬುಟ್ಟಿ ಇಳಿಸಿಟ್ಟು, ಕೈ ತೊಳೆದು ಬಂದ ಲಕ್ಕಿ ಎಂಬವಳು ಮುಂದೆ ನಿಂತಿದ್ದಳು.

"ನನ್ನ ಮಗ್ಳಿಗೆ ಒಂದು ಗಂಡು ಬೇಕು ಒಡೆಯಾ. ಕುಡಿಯೂದು ಸ್ವಲ್ಪ ಕಡ್ಮೆ ಇದ್ರಾತು," ಎಂದು ಕಾಯಿಯನ್ನು ಚೀಲದೊಳಗೆ ಅವಳೇ ಇಟ್ಟಳು. "ನಿಮ್ಮ ಹೆಂಡ್ತಿ ಏಳೂಕೂ ಆಗ್ದೆ ಮಲ್ಗಿದ್ಲಂತೆ ಅಲ್ವಾ? ಪಾಪ, ಇಷ್ಟು ಮಾಡೂ ಗಂಡ ಯಾರಿಗ್ ಸಿಕ್ತಾನೆ."

"ಹಾಂಗೇನಿಲ್ಲ," ಅಂದರು ತಿಮ್ಮಪ್ಪ ನಾಯ್ಕರು.

"ಕಂಡ್ಯಾ, ಬಾಯಿಬಿಡುಲ್ಲ," ಎಂದು ಲಕ್ಕಿ ಪಕ್ಕದವಳಿಗೆ ಹೇಳಿದಳು.

ಹೊನ್ನಾವರದ ಶರಾವತಿ ಸೇತುವೆಯ ಬುಡಕ್ಕೆ ಬಂದಾಗ ಚೀಲದಲ್ಲಿ ಇಪ್ಪತ್ತೆರಡು ಕಾಯಿ, ಕ್ಯಾರಿಯರಿನ ಮೇಲೊಂದು ಬಾಳೆಗೊನೆ. ಹನ್ನೊಂದೂವರೆಯ ಬಿಸಿಲು. ಸೇತುವೆಯ ಹತ್ತಿರ ನಿಂತಿದ್ದ ಪೊಲೀಸ್ ಪೇದೆ ಕೈ ಅಡ್ಡ ಹಿಡಿದ. ತಿಮ್ಮಪ್ಪ ನಾಯ್ಕರಿಗೆ ಒಳಗೊಳಗೇ ಸಂತೋಷವಾಯಿತು. ಸರಕಾರವೇ ತಡೆದರೆ ಮಾಲಿನಿ ತಾನೇ ಏನು ಹೇಳಿಯಾಳು ಎಂದುಕೊಂಡು, "ಲೋಡು ಜಾಸ್ತಿ ಆತಲ್ವಾ ಸಾಹೇಬ್ರೆ? ಹಿಂದೆ ಹೋಗ್ಲಾ?" ಎಂದು ಆಸೆಯಿಂದ ಕೇಳಿದರು.

ಪೇದೆ ಅತ್ತಿತ್ತ ನೋಡಿ, ಟೋಪಿ ತೆಗೆದು, ಕಂಬದ ಹಿಂದೆ ಅಡಗಿಸಿಟ್ಟಿದ್ದ ಒಂದು ಕಾಯಿ ತಂದ. "ಕಾರವಾರಕ್ಕೆ ವರ್ಗ ಕೇಳಿ ಮೂರು ವರ್ಷ ಆತು. ಮೇಲಿನವರ ಹತ್ರ ಹೇಳಿ ಸಾಕಾತು, ಇನ್ನೂ ಮೇಲಿನವರ ಹತ್ರ ನೀವು ಹೇಳಿ," ಅಂದ. ಆಮೇಲೆ ಟೋಪಿ ಹಾಕಿಕೊಂಡು ಎರಡೂ ಕಡೆಯ ಲಾರಿಗಳನ್ನು ನಿಲ್ಲಿಸಿದ. ರಾಷ್ಟ್ರೀಯ ಹೆದ್ದಾರಿ ಹದಿನೇಳು ಪೂರಾ ಹದಿಮೂರು ನಿಮಿಷ ನಿಂತಿತು. ನಡುವೆ ತಿಮ್ಮಪ್ಪ ನಾಯ್ಕರು ಒಬ್ಬರೇ, ಮೆರವಣಿಗೆಯಿಲ್ಲದ ಮಂತ್ರಿಯ ಹಾಗೆ, ಹೊಲಿಗೆ ಮಿಶಿನ್ನಿನ ವೇಗದಲ್ಲಿ ಕಾಲಾಡಿಸುತ್ತ ಸೇತುವೆ ದಾಟಿದರು.

ಕಾಸರಕೋಡಿನಲ್ಲಿ ಹಮ್ಮ ಎಂಬ ಮುದುಕ ಒಂದು ಹುಂಜ ಹಿಡಿದು ನಿಂತಿದ್ದ.

"ಗಣಪತಿಗೆ ಕೋಳಿ ಎಂತಕ್ಕೆ?" ಎಂದು ತಿಮ್ಮಪ್ಪ ನಾಯ್ಕರು ಹೆದರಿ ಕೇಳಿದರು.

"ಗಣಪತಿಗಲ್ಲ ಮಾರಾಯ, ಮಂಕಿ ಊರಲ್ಲಿರೂ ನಮ್ಮ ಜಟಗ ದೈವದ ಕಟ್ಟೆಗೆ. ಹೆಂಗೂ ಅದೇ ಹಾದಿ. ನನ್ನ ಮೊಣಕಾಲಿಗೆ ಹೇಳ್ಕಂಡದ್ದು," ಎಂದು ಹಮ್ಮ ಹುಂಜವನ್ನು ಹ್ಯಾಂಡಲಿಗೆ ಕಟ್ಟಿದ. ಅಲ್ಲಿಂದ ಮುಂದೆ ಬೆಲ್ಲು ಹೊಡೆಯುವ ಅಗತ್ಯ ಬೀಳಲಿಲ್ಲ.

ಇಡಗುಂಜಿಯ ತಿರುವಿನಲ್ಲಿ ಹೆದ್ದಾರಿಯ ಮೇಲೇ ಸೀದಾ ಹೋಗಿಬಿಡುವ ದುರ್ಬುದ್ಧಿ ಅವರಿಗೆ ಬಂದದ್ದು ನಿಜ. ಒಳಗೆ ಹೋಗಿ ಬರುವುದೆಂದರೆ ಹತ್ತು ಕಿಲೋಮೀಟರು ಹೆಚ್ಚಿಗೆ, ಅತ್ತ ದೀಪ ಹಚ್ಚುವ ಹೊತ್ತು ಕಾಯುವುದಿಲ್ಲ. ಆದರೆ ಮೂವತ್ತೊಂದು ಕಾಯಿಯ ಮೂವತ್ತೊಂದು ಯಜಮಾನರು ಹಿಂದಿನ ಹಾದಿಯಲ್ಲಿದ್ದಾರೆ, ಕುಮಟೆಗೆ ಮರಳುವ ಹಾದಿಯೂ ಅದೇ. ಅವರು ಒಳಗೆ ತಿರುಗಿದರು.

ದೇವಸ್ಥಾನದ ಹೊರಗೆ ಹಣ್ಣುಕಾಯಿ ಅಂಗಡಿಯ ಮಹಾಬಲ ಹೆಗಡೆಯವರು ಹುಂಜವನ್ನು ಕಂಡು ಎದ್ದು ನಿಂತರು. "ಎಂತ ಮನುಷ್ಯ ನೀನು. ಕೋಳಿ ತಗಂಡು ಗಣಪತಿ ಹತ್ರ ಬಪ್ಪದಾ? ಒಳಗೆ ಬಿಡ್ತ್ವಿಲ್ಲೆ."

"ಇದು ಗಣಪತಿದಲ್ಲ, ಜಟಗಂದು. ಕಾಯಿ ಮಾತ್ರ ಗಣಪತಿದು."

"ಮತ್ತೆ ನಿಂದು ಎಂತದಿದ್ದು?"

ತಿಮ್ಮಪ್ಪ ನಾಯ್ಕರು ಯೋಚಿಸಿದರು. "ಸೈಕಲ್ಲು," ಅಂದರು.

ಹೆಗಡೆಯವರು ಹುಂಜವನ್ನು ಅಂಗಡಿಯಿಂದ ದೂರದ ಕಂಬಕ್ಕೆ ಕಟ್ಟಿಸಿ, ಇವರಿಗೆ ಬಾವಿ ತೋರಿಸಿ, ಮಿಂದ ಮೇಲೆ ಒಳಗೆ ಕಳಿಸಿದರು. ಒಳಗೆ ಅರ್ಚಕರು ಒಂದೊಂದೇ ಕಾಯಿ ಹಿಡಿದು ಯಾರ ಹೆಸರು, ಏನು ಪ್ರಾರ್ಥನೆ ಎಂದು ಕೇಳಿದರು. ತಿಮ್ಮಪ್ಪ ನಾಯ್ಕರಿಗೆ ಹೆಸರುಗಳೂ ನೆನಪಿದ್ದವು, ಬೇಡಿಕೆಗಳೂ ನೆನಪಿದ್ದವು, ಯಾವುದು ಯಾರದೆಂಬುದು ಮಾತ್ರ ಸೇತುವೆಯ ಮೇಲೆ ಆವಿಯಾಗಿತ್ತು. ದುರ್ಗಮ್ಮನಿಗೆ ಕಾರವಾರಕ್ಕೆ ವರ್ಗ ಕೇಳಿದರು. ಲಕ್ಕಿಯ ಎಮ್ಮೆಗೆ ಹೆಚ್ಚು ಕುಡಿಯದ ಗಂಡು ಕೇಳಿದರು. ಪೇದೆ ಹಾಲಿಗೆ ನಿಲ್ಲುವುದಿಲ್ಲ ಎಂದಾಗ ಅರ್ಚಕರು ಕೈಯೆತ್ತಿ, "ದೇವರಿಗೆ ಎಲ್ಲ ಗೊತ್ತಿದೆ, ನೀವು ಸುಮ್ಮನಿದ್ದುಬಿಡಿ," ಎಂದು ಬಾಳೆಗೊನೆಯನ್ನು ದೇವರ ಮುಂದಿಟ್ಟು, ಉಳಿದ ಕಾಯಿಗಳನ್ನು ಒಟ್ಟಿಗೇ ಒಡೆದರು.

ಚೀಲ ಖಾಲಿಯಾಯಿತೆಂದು ತಿಮ್ಮಪ್ಪ ನಾಯ್ಕರು ಉಸಿರು ಬಿಡುವಷ್ಟರಲ್ಲಿ ಒಂದೊಂದು ಕಾಯಿಯ ಒಂದೊಂದು ಕಡಿ, ಅಂದರೆ ಅರ್ಧ ಹೋಳು, ಪ್ರಸಾದವಾಗಿ ಹಿಂದೆ ಬಂತು. ಮೂವತ್ತೊಂದು ಕಡಿ. ಮೂವತ್ತೊಂದು ಮನೆಗೆ ಮುಟ್ಟಿಸಬೇಕು. ಆ ನೇಮ ಅವರು ಹುಟ್ಟಿದಾಗಿನಿಂದ ಬಲ್ಲರು, ಬೆಳಿಗ್ಗೆಯಿಂದ ಮರೆತಿದ್ದರು.

ಮಂಕಿಯಲ್ಲಿ ಹುಂಜವನ್ನು ಜಟಗನ ಕಟ್ಟೆಗೆ ಬಿಟ್ಟರು. ಅದು ಅವರನ್ನು ಒಮ್ಮೆ ತಾತ್ಸಾರದಿಂದ ನೋಡಿ, ಕಾಸರಕೋಡಿನ ದಿಕ್ಕಿಗೆ ನಡೆದುಕೊಂಡೇ ಹೋಯಿತು. ಅದಕ್ಕಿರುವ ಬುದ್ಧಿ ನನಗಿಲ್ಲವಲ್ಲ ಎಂದು ತಿಮ್ಮಪ್ಪ ನಾಯ್ಕರಿಗೆ ದುಃಖವಾಯಿತು.

ಮುರ್ಡೇಶ್ವರದ ಕ್ರಾಸಿನ ಹತ್ತಿರ ಹಿಂದಿನ ಚಕ್ರ ಉಸ್ಸೆಂದಿತು. ನಾಲ್ಕೂವರೆ ಗಂಟೆ. ಭಟ್ಕಳಕ್ಕೆ ಇನ್ನೂ ಹದಿನಾಲ್ಕು ಕಿಲೋಮೀಟರು. ಪಾದದಲ್ಲಿ ಬೊಬ್ಬೆ, ಕುಂಡೆಯ ಸಂಗತಿ ಹೇಳುವುದೇ ಬೇಡ. ಅಲ್ಲಿ ರಸ್ತೆಯ ಬದಿಗೆ ನಿಂತು ತಿಮ್ಮಪ್ಪ ನಾಯ್ಕರು ಸೋಲೊಪ್ಪಿಕೊಂಡರು. ಸೈಕಲ್ಲು ಗುಜರಿಗೆ ಹೋಗಲಿ, ಮಾಲಿನಿ ಬೈಯಲಿ, ಸಂಜಯ ನಗಲಿ. ಅವರು ಬರುತ್ತಿದ್ದ ಟೆಂಪೊಗೆ ಕೈ ಅಡ್ಡ ಹಿಡಿದರು.

ಟೆಂಪೊದವನು ನಿಲ್ಲಿಸಿದ. ಕೆಂಪು ಬಟ್ಟೆ ನೋಡಿದ, ಗೋಣಿಚೀಲ ನೋಡಿದ. "ನೀವು ಆ ಸೈಕಲ್ ಹರಕೆಯವ್ರು ಅಲ್ವಾ? ಹತ್ತಿಸ್ಕಂಬುಲ್ಲ. ನಿಮ್ಮ ಹರಕೆ ಮುರ್ದ ಪಾಪ ನಂಗೆ ಸುತ್ಕಂಬುಕಾ? ಮೊನ್ನೆಯಷ್ಟೇ ಹೊಸ ಟಯರು ಹಾಕ್ಸಿದ್ದೆ."

"ಹರಕೆ ಎಂತದೂ ಇಲ್ಲ ಮಾರಾಯ. ನಾ ಸುಳ್ಳು ಹೇಳ್ದೆ."

"ಕಷ್ಟ ಆದಾಗ ಎಲ್ರೂ ಹಿಂಗೇ ಹೇಳೂದು. ದೇವ್ರು ಪರೀಕ್ಷೆ ಮಾಡ್ತ, ಗಟ್ಟಿ ಇರಿ," ಎಂದು ಧೈರ್ಯ ಹೇಳಿ ಅವನು ಹೋದ.

ಮೀನಿನ ಲಾರಿಯವನು ನಿಲ್ಲಿಸಲೇ ಇಲ್ಲ, ಓಡಿಸುತ್ತಲೇ ಕೈ ಮುಗಿದ. ಮೂರನೆಯದು ಬಸ್ಸು. ಅದೇ ಬೆಳಗಿನ ಕಂಡಕ್ಟರು. ತಿಮ್ಮಪ್ಪ ನಾಯ್ಕರು ಮೆಟ್ಟಿಲಿನ ಮೇಲೆ ಇಟ್ಟ ಕಾಲನ್ನು ಅವನು ಬಗ್ಗಿ, ಎರಡೂ ಕೈಯಿಂದ, ಬಹಳ ಭಕ್ತಿಯಿಂದ ಎತ್ತಿ ನೆಲಕ್ಕಿಟ್ಟ.

"ಬೇಗ ಹೋಗಿ ನಾಯ್ಕರೆ. ಮನೆಯವ್ರಿಗೆ ಬಾಳ ಜೋರಂತೆ. ಭಟ್ಕಳದಲ್ಲಿ ಅಣ್ಣ ಸಂಜಯನ ಮನೇಲಿ ಮಲ್ಗಿಸಿದ್ದಾರೆ. ನಿನ್ನೆಯಿಂದ ಮಾತಿಲ್ಲ. ಜನ ನೋಡೂಕೆ ಹೋಗ್ತಾ ಇದ್ದಾರೆ."

ಬಸ್ಸು ಹೋಯಿತು. ತಿಮ್ಮಪ್ಪ ನಾಯ್ಕರು ಲೆಕ್ಕ ಹಾಕಿದರು. ಮಾಲಿನಿ ಭಟ್ಕಳಕ್ಕೆ ಹೋದದ್ದನ್ನು ಅವರು ಇವತ್ತು ಒಬ್ಬರಿಗೂ ಹೇಳಿರಲಿಲ್ಲ. ಸಂಜಯನ ಹೆಸರನ್ನೂ ಎತ್ತಿರಲಿಲ್ಲ. ತಾವು ಹೇಳದ ಸಂಗತಿಗಳೂ ಈ ಸುದ್ದಿಯಲ್ಲಿವೆ ಎಂದ ಮೇಲೆ ಇದು ತಮ್ಮ ಸುಳ್ಳಲ್ಲ, ಬೇರೆಯೇ ನಿಜ. ನಾಲ್ಕು ಸಾಲಿನ ಅರ್ಜಿಯಲ್ಲಿ ಐದು ತಪ್ಪು ಹುಡುಕುವ ಗುಮಾಸ್ತ ಬುದ್ಧಿ ಇಲ್ಲಿ ಒಂದನ್ನೂ ಹುಡುಕಲಿಲ್ಲ. ಅವರಿಗೆ ಹೆದರಿಕೆಯಾಯಿತು. ಸುಳ್ಳು ಹರಕೆ ಹೇಳಿದ್ದಕ್ಕೆ ಗಣಪತಿ ಅದನ್ನು ನಿಜ ಮಾಡಿಬಿಟ್ಟನೆ? ಬೆನ್ನಿನ ಬೆವರು ಇಡೀ ದಿನದಲ್ಲಿ ಮೊದಲ ಸಲ ತಣ್ಣಗಾಯಿತು. ಇಪ್ಪತ್ತು ವರ್ಷ ಜೊತೆಗಿದ್ದವಳ ಲೂನಾವನ್ನು ಕೇಳದೆ ಕೊಟ್ಟುಬಿಟ್ಟೆನಲ್ಲ ಎಂದು ಅವರು ರಸ್ತೆಯ ಬದಿಗೇ ಅತ್ತುಬಿಟ್ಟರು.

ಕ್ರಾಸಿನಲ್ಲಿ ಮೀರಾನ್ ಸಾಹೇಬರ ಸೈಕಲ್ ರಿಪೇರಿ ಅಂಗಡಿ. ಅವರು ಪಂಪು ತಂದು ನೋಡಿದರು. ಆ ಪರದೇಶಿ ಟ್ಯೂಬಿನ ಬಾಯಿಗೂ ನಮ್ಮ ಪಂಪಿನ ಬಾಯಿಗೂ ತಾಳೆಯಾಗಲಿಲ್ಲ.

"ಇದಕ್ಕೆ ಹವಾ ಹೋಗುದಿಲ್ಲ ನಾಯ್ಕರೆ. ಜರ್ಮನಿಯಿಂದಲೇ ತರ್ಸಬೇಕು."

"ಸಾಹೇಬ್ರೆ, ನನ್ನ ಹೆಂಡ್ತಿ ಸಾಯ್ತಾ ಇದ್ದಾಳೆ," ಅಂದರು ತಿಮ್ಮಪ್ಪ ನಾಯ್ಕರು.

ಸಾಹೇಬರು ಮತ್ತೇನೂ ಕೇಳಲಿಲ್ಲ. ಟ್ಯೂಬು ಕಿತ್ತು ಬಿಸಾಡಿದರು. ಮೂಲೆಯಲ್ಲಿದ್ದ ದೋಣಿಯ ಹಳೆಯ ಕತ್ತದ, ಅಂದರೆ ತೆಂಗಿನ ನಾರಿನ, ಹಗ್ಗವನ್ನು ಟಯರಿನೊಳಗೆ ಸುತ್ತು ಸುತ್ತಾಗಿ ತುರುಕಿ, ಸುತ್ತಿಗೆಯಿಂದ ಹೊಡೆದು ಕೂರಿಸಿದರು. ಕಚ್ಚಿಕೊಂಡಿದ್ದ ಗಿಯರಿಗೂ ಹೋಗುವಾಗ ಒಂದು ಏಟು ಕೊಟ್ಟರು. "ಇನ್ನು ಪಂಕ್ಚರ್ ಆಗುದೇ ಇಲ್ಲ. ಜಲ್ದಿ ಹೋಗಿ. ನಾನೂ ದುವಾ ಮಾಡ್ತೇನೆ. ಪೈಸೆ ಬೇಡ."

ಆ ಹದಿನಾಲ್ಕು ಕಿಲೋಮೀಟರನ್ನು ತಿಮ್ಮಪ್ಪ ನಾಯ್ಕರು ಹೇಗೆ ತುಳಿದರೆಂಬುದನ್ನು ಶಿರಾಲಿಯ ಜನ ಈಗಲೂ ಹೇಳುತ್ತಾರೆ. ಜಾಕೋಬ ಕಂಡಿದ್ದರೆ ಲೂನಾ ಹಿಂದಿರುಗಿಸುತ್ತಿದ್ದ. ಕತ್ತದ ಟಯರು ದಡಬಡ ಎನ್ನುತ್ತಿತ್ತು, ಚೀಲದಲ್ಲಿ ಕಡಿಗಳು ಕಟಕಟ ಎನ್ನುತ್ತಿದ್ದವು, ಅವರ ಬಾಯಲ್ಲಿ ಒಂದೇ ಮಾತು, "ಗಣಪ್ಪಾ, ನಾ ತಮಾಷೆಗೆ ಹೇಳಿದ್ದು."

ಸಂಜಯನ ಮನೆಯ ಅಂಗಳಕ್ಕೆ ಬಂದಾಗ ಹೊತ್ತು ಮುಳುಗುತ್ತಿತ್ತು. ಜಗಲಿಯ ಕೆಳಗೆ ಚಪ್ಪಲಿಗಳ ರಾಶಿ. ಗಂಡಸರು ಗುಂಪಾಗಿ, ಸಣ್ಣ ದನಿಯಲ್ಲಿ ಮಾತಾಡುತ್ತ ನಿಂತಿದ್ದರು. ಇವರನ್ನು ಕಂಡು ಎಲ್ಲರೂ ಹಾದಿ ಬಿಟ್ಟರು. ಸಂಜಯ ಬಂದು, "ಭಾವ," ಎಂದು ಅಪ್ಪಿಕೊಂಡು ಅತ್ತ. ಲೂನಾ ಸುದ್ದಿ ತಿಳಿದಾಗ ಇದೇ ಭಾವನ ಕಾಲು ಮುರಿಯುತ್ತೇನೆಂದು ಹೇಳಿಕಳಿಸಿದ್ದವನು ಅವನು. ತಿಮ್ಮಪ್ಪ ನಾಯ್ಕರ ಕಾಲು ಈಗ ತಾನಾಗಿಯೇ ಸೋತಿತು. ಇಬ್ಬರು ಹಿಡಿದು ಒಳಗೆ ಕರೆದೊಯ್ದರು.

ಮಂಚದ ಮೇಲೆ ಮಾಲಿನಿ ಕಣ್ಣು ಮುಚ್ಚಿ ಮಲಗಿದ್ದಳು. ತಲೆಯ ಹತ್ತಿರ ಸಂಜಯನ ಹೆಂಡತಿ ನರ್ಮದಾ ಬೀಸಣಿಗೆ ಬೀಸುತ್ತಿದ್ದಳು. ಕಿಟಕಿಯಲ್ಲಿ ಹಾರ್ಲಿಕ್ಸ್ ಬಾಟಲಿಗಳ ಸಾಲು, ದ್ರಾಕ್ಷಿಯ ಪೊಟ್ಟಣಗಳು. ಬಾಗಿಲಲ್ಲಿ ಮನೆತನದ ಹಿರಿಯಳಾದ ದೊಡ್ಡಮ್ಮ ಮಾಸ್ತಮ್ಮ.

"ಮಾಲಿನಿ," ಎಂದು ತಿಮ್ಮಪ್ಪ ನಾಯ್ಕರು ಮಂಚದ ಬುಡದಲ್ಲಿ ಕುಸಿದರು. "ನಂಗೆ ಸೈಕಲ್ಲು ಬೇಡ. ಏನೂ ಬೇಡ. ಲೂನಾ ಹುಡ್ಕಿ ತಂದುಕೊಡ್ತೆ. ನೀ ಏಳು ಒಂದ್ ಸಲ."

ನೋಡುತ್ತಿದ್ದ ಹೆಂಗಸರೆಲ್ಲ ಮೂಗೊರೆಸಿಕೊಂಡರು. ಮಾಲಿನಿ ಬಹಳ ಕಷ್ಟದಿಂದ ಎಂಬಂತೆ ಕೈಯೆತ್ತಿ, ಎಲ್ಲರೂ ಸ್ವಲ್ಪ ಹೊರಗಿರಿ ಎಂದು ಸನ್ನೆ ಮಾಡಿದಳು. ಬಾಗಿಲು ಮುಚ್ಚಿದ್ದೇ ಒಂದು ಕಣ್ಣು ತೆರೆದಳು.

"ಹೋದ್ರಾ ಎಲ್ಲ?"

"ಎಂತ ಆತೇ ನಿಂಗೆ?"

"ನಂಗೆ ಎಂತ ಆಗ್ತದೆ? ಬೆಳಿಗ್ಗೆ ಎಂಟು ನೀರುದೋಸೆ ತಿಂದಿದ್ದೆ. ಹನ್ನೊಂದು ಗಂಟೆಗೆ ಯಾರೋ ಒಬ್ಳು ದ್ರಾಕ್ಷಿ ತಂದು ನನ್ನ ಹಿಡ್ಕಂಡು ಅತ್ಲು. ನಾ ಚಲೋ ಇದ್ದೆ ಹೇಳ್ದೆ. ದೀಪ ಆರೂ ಮೊದ್ಲು ಹಿಂಗೇ ದೊಡ್ಡಕೆ ಉರೀತದೆ ಹೇಳಿ ಇನ್ನೂ ಜೋರು ಅತ್ಲು. ಬಂದವ್ರೆಲ್ಲ ಹಿಂಗೇ. ಎಷ್ಟು ಜನ್ರ ಹತ್ರ ಬದುಕಿದ್ದೆ ಹೇಳೂದು?"

"ನೀ ನಿನ್ನೆಯಿಂದ ಮಾತೇ ಆಡ್ಲಿಲ್ಲ ಹೇಳಿ ಕಂಡಕ್ಟರು ಹೇಳ್ದ."

"ಅವ್ನ ಬಸ್ಸಲ್ಲೇ ಬಂದದ್ದು. ಎಲ್ಲಿಗೆ ಕೇಳ್ದ, ಭಟ್ಕಳ ಅಣ್ಣ ಸಂಜಯನ ಮನೆಗೆ ಅಂದೆ. ಆಮೇಲೆ ನಿಮ್ಮ ಮೇಲಿನ ಸಿಟ್ಟಿಗೆ ಬಾಯಿ ಮುಚ್ಕಂಡು ಕೂತಿದ್ದೆ."

ತಿಮ್ಮಪ್ಪ ನಾಯ್ಕರಿಗೆ ಒಮ್ಮೆ ಸಿಟ್ಟು ಬಂತು, ಒಮ್ಮೆ ನಗೆ ಬಂತು, ಎರಡಕ್ಕಿಂತ ಹೆಚ್ಚಿಗೆ ಅಳು ಬಂತು. "ಮತ್ತೆ ಎದ್ದು ಕೂರೂಕೆ ಎಂತ?"

"ಕುಮಟೆಯಿಂದ ಭಟ್ಕಳದ ತನಕ ಹೆಂಡ್ತಿಗಾಗಿ ಇಷ್ಟು ಮಾಡಿದ ಗಂಡ ಇಲ್ಲ ಹೇಳಿ ಎಲ್ರೂ ಹೇಳ್ದ್ರು. ಇಷ್ಟು ವರ್ಷ ಒಂದ್ ಸಲನೂ ಕೂತ್ಕೊ ಹೇಳ್ದೇ ಇದ್ದ ಅತ್ತಿಗೆ ಹಾರ್ಲಿಕ್ಸ್ ಮಾಡಿ ಕುಡಿಸಿದ್ಲು. ಮಲ್ಗಿದೆ." ಮಾಲಿನಿ ಅವರ ಪಾದದ ಬೊಬ್ಬೆ ನೋಡಿದಳು. "ಕೊಬ್ಬರಿ ಎಣ್ಣೆ ಹಚ್ಚಿ ಆಮೇಲೆ. ದೀಪ ಇನ್ನೂ ಹಚ್ಚಲಿಲ್ಲ. ನೀವೇ ಗೆದ್ರಿ. ಸೈಕಲ್ಲು ನಿಮ್ಗೇ."

"ನಂಗೆ ಬೇಡ ಮಾರಾಯ್ತಿ. ಈಗ್ಲೇ ಗುಜರಿಗೆ ಹಾಕು. ಕೈ ಮುಗೀತೆ."

ಹೊರಗಿನಿಂದ ಗಂಟೆಯ ಶಬ್ದ ಕೇಳಿತು. ಸಂಜಯ ಸೈಕಲ್ಲಿಗೆ ನೀರು ಹಾಕಿ ತೊಳೆದು, ಕುಂಕುಮ ಹಚ್ಚಿ, ಹ್ಯಾಂಡಲಿಗೆ ಅಬ್ಬಲಿಗೆ ಹೂವಿನ ಮಾಲೆ ಸುತ್ತಿ ಆರತಿ ಎತ್ತುತ್ತಿದ್ದ. ಮಾಸ್ತಮ್ಮ ಬಾಗಿಲು ತೆರೆದು, ಚೀಲದಿಂದ ಒಂದು ಕಡಿ ತಂದು, ಚೂರು ಮುರಿದು ಮಾಲಿನಿಯ ಬಾಯಿಗಿಟ್ಟಳು. ಮಾಲಿನಿ ಅಗಿದಳು, ನುಂಗಿದಳು, ಮೆಲ್ಲಗೆ ಎದ್ದು ಕೂತಳು. ಮನೆಯೊಳಗೆ ಅಂಗಳದಷ್ಟು ಜನ ನುಗ್ಗಿದರು.

"ಫಲ ಕೊಟ್ಟ ಹರಕೆ ಇದು," ಎಂದು ಮಾಸ್ತಮ್ಮ ತೀರ್ಪು ಹೇಳಿದಳು. "ಒಂದೇ ಸಲಕ್ಕೆ ಬಿಟ್ರೆ ಹೋದ ಕಾಯಿಲೆ ತಿರುಗಿ ಬತ್ತದೆ. ವರ್ಷಾ ವರ್ಷಾ ನಡೀಬೇಕು. ಇದೇ ತಿಂಗ್ಳು, ಇದೇ ಸೈಕಲ್ಲು, ಇದೇ ಬರಿಗಾಲು."

ತಿಮ್ಮಪ್ಪ ನಾಯ್ಕರು ನೀರಿಗೆ ಬಿದ್ದವರ ಹಾಗೆ ಹೆಂಡತಿಯ ಕಡೆ ನೋಡಿದರು. ಮಾಲಿನಿ ಇಡಗುಂಜಿಯ ದಿಕ್ಕಿಗೆ ಕೈ ಮುಗಿದಿದ್ದಳು. "ಆತು ದೊಡ್ಡಮ್ಮ. ನಡೆಸ್ಕಂಡು ಹೋಗ್ತ್ರು," ಅಂದಳು.

"ಹರಕೆ ಸೈಕಲ್ಲು ದಿನಬಳಕೆಗೆ ತರೂದಲ್ಲ," ಅಂದ ಸಂಜಯ. "ತಂಗಿಗೆ ನಾ ಬೇರೆ ಲೂನಾ ಕೊಡ್ಸ್ತೆ."

ಮರುದಿನ ತಿಮ್ಮಪ್ಪ ನಾಯ್ಕರಿಗೆ ಶಾಲೆಯ ರಜೆಯಿತ್ತು, ಕಾಲಿಗೆ ರಜೆಯಿರಲಿಲ್ಲ. ಪ್ರಸಾದ ಮನೆಮನೆಗೆ ಮುಟ್ಟುವ ತನಕ ಹರಕೆ ಮುಗಿದಂತಲ್ಲವೆಂದು ಬಸ್ಸಿನವರೂ ಟೆಂಪೊದವರೂ ಒಟ್ಟಾಗಿ ನಿರ್ಣಯಿಸಿದ್ದರು. ಬೆಳಿಗ್ಗೆ ಆರಕ್ಕೆ, ಅಬ್ಬಲಿಗೆ ಮಾಲೆಯ ಸಮೇತ, ಮೂವತ್ತು ಕಡಿ ಹೇರಿಕೊಂಡು ಅವರು ಕುಮಟೆಯ ದಿಕ್ಕಿಗೆ ತುಳಿಯತೊಡಗಿದರು. ಮೂವತ್ತೊಂದನೆಯದು ಮಾಲಿನಿಯ ಹೊಟ್ಟೆಯಲ್ಲಿತ್ತು. ಅದು ಯಾರದೋ, ಪೇದೆಯದೇ ಇದ್ದರೆ ಏನು ಹೇಳುವುದೋ ಎಂದು ಯೋಚಿಸುತ್ತ ಶಿರಾಲಿ ದಾಟಿದರು.

ಹಿಂದಿನಿಂದ ಬಸ್ಸು ಬಂತು. ಕಂಡಕ್ಟರು ಸೀಟಿ ಹೊಡೆದು, ಸೈಕಲ್ಲಿನ ಪಕ್ಕಕ್ಕೇ ನಿಲ್ಲಿಸಿದ. ಮುಂದಿನ ಸೀಟಿನಲ್ಲಿ, ಕಿಟಕಿಯ ಹತ್ತಿರ ಮಾಲಿನಿ ಕೂತಿದ್ದಳು, ತಲೆತುಂಬ ಹೂವು, ಮಡಿಲ ತುಂಬ ಹಾರ್ಲಿಕ್ಸ್ ಬಾಟಲಿ. ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿದಳು. ನೀರು ಕೊಡುತ್ತಾಳೆಂದು ತಿಮ್ಮಪ್ಪ ನಾಯ್ಕರು ಕೈ ಚಾಚಿದರು. ಕೈಗೆ ಬಂದದ್ದು ಇಡೀ ತೆಂಗಿನಕಾಯಿ.

"ಹೆಂಗೂ ಇಡಗುಂಜಿ ಹಾದೀಲೇ ಹೋಗ್ತ್ರಿ," ಅಂದಳು ಮಾಲಿನಿ. "ನಮ್ದೂ ಒಂದು ಕಾಯಿ."

"ನಿಂಗೆ ಎಂತಕ್ಕೆ ಈಗ? ಎಂತ ಕೇಳೂದು ಬಾಕಿ ಅದೆ?"

"ಹರಕೆ ಬಾಯಿಬಿಟ್ಟು ಹೇಳೂದಲ್ಲ," ಅಂದಳು ಅವಳು.

ಇಡೀ ಬಸ್ಸು ಹೌದೆಂದು ತಲೆಯಾಡಿಸಿತು. ಕಂಡಕ್ಟರು ರೈಟ್ ಅಂದ.